ಹೊಡೆದುಹಾಕಿದ ಸಾಲು

ಕಂದಾಯ ಭವನದ ಕಾಂಪೌಂಡಿಗೆ ಬೆನ್ನು ಕೊಟ್ಟು
ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ
ಬೇರೆಯವರ 'ನಾನು'.

ಇವತ್ತಿನ ನಾನು ದೊಡ್ಡತಾಯಮ್ಮ.
ಲಗ್ಗೆರೆಯಿಂದ ಎರಡು ಬಸ್ಸು ಹತ್ತಿ ಬಂದವಳು,
ಸೊನ್ನೆ ರೂಪಾಯಿಯ ಎರಡು ಟಿಕೆಟ್ಟನ್ನೂ
ಬೇಕಾದೀತೆಂದು ಮಡಚಿಟ್ಟುಕೊಂಡವಳು.
ಪ್ಲಾಸ್ಟಿಕ್ ಕವರಿನಲ್ಲಿ ತಹಶೀಲ್ದಾರರ ಹಿಂಬರಹ, ಒಂದೂವರೆ ಸಾಲು:
ಆಧಾರ್ ಪ್ರಕಾರ ವಯಸ್ಸು ಐವತ್ತೆಂಟು. ಅರ್ಜಿ ತಿರಸ್ಕರಿಸಿದೆ.

ಹುಟ್ಟಿದ್ದು ಜನವರಿ ಒಂದು.
ಈ ಊರಿನ ಬಡವರೆಲ್ಲ
ಜನವರಿ ಒಂದಕ್ಕೇ ಹುಟ್ಟುತ್ತಾರೆ, ನನಗೆ ಗೊತ್ತು.
ಶಿಬಿರದಲ್ಲಿ ಕೂತಿದ್ದ ಹುಡುಗ
ಮುಖ ನೋಡಿ ವರ್ಷ ಹಾಕಿದನಂತೆ.
"ಅವತ್ತು ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೆ ಕಣಪ್ಪ,
ಅದೇ ತಪ್ಪಾಯ್ತು."

ಬರೆದೆ:
ಮಾನ್ಯ ಉಪವಿಭಾಗಾಧಿಕಾರಿಗಳ ಸನ್ನಿಧಾನಕ್ಕೆ,
ಮೇಲ್ಮನವಿದಾರಳು ಊದುಬತ್ತಿ ಹೊಸೆದು
ಜೀವನ ಸಾಗಿಸಿದವಳು; ಈಗ ಕೈ ನಡುಗಿ
ಸಾವಿರಕ್ಕೆ ಮುನ್ನೂರು ಮುರಿಯುತ್ತವೆ.
ದಾಖಲೆ ಏನಿದೆ ಎಂದೆ.
ಶಾಲೆ? ಇಲ್ಲ. ಜಾತಕ? ನಕ್ಕಳು.
"ತಂಗಿ ಅವ್ಳೆ, ಚಿಕ್ಕತಾಯಿ.
ಅವಳಿಗೆ ಬರ್ತಾ ಐತೆ, ನಾಲ್ಕು ವರ್ಷದಿಂದ.
ನನ್ನ ಕಂಕುಳಲ್ಲಿ ಬೆಳೆದ ಕೂಸು ಅದು.
ಹೆಸರಲ್ಲೇ ಇಲ್ವ, ಯಾರು ದೊಡ್ಡೋರು ಅಂತ?"

ಪೆನ್ನಿಗೆ ಹುರುಪು ಬಂತು. ಇಂಥ ಸಾಕ್ಷಿ
ದಿನಾ ಸಿಕ್ಕುವುದಿಲ್ಲ.
ಕಿರಿಯಳು ಅರ್ಹಳಾದರೆ ಹಿರಿಯಳು ಹೇಗೆ ಅನರ್ಹಳು?
ಬರೆದದ್ದನ್ನು ಗಟ್ಟಿಯಾಗಿ ಓದಿದೆ,
ನನಗೇ ಕೇಳಿಸಲೆಂದು.

ಸುಮ್ಮನಿದ್ದಳು. ಎದುರು ಕೆಂಪೇಗೌಡ ರಸ್ತೆಯಲ್ಲಿ
ಸಿಗ್ನಲ್ಲು ಎರಡು ಸಲ ಹಸಿರಾಯಿತು.
"ಇದ ಓದಿದೋರು ಅವಳದ್ನೂ ತೆಗೆದು ನೋಡ್ತಾರ?"
ನೋಡಬಹುದು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.
"ಅವಳ ಕಾರ್ಡಲ್ಲಿ ಯಾರೋ ಜಾಸ್ತಿ ಬರ್ದವ್ರೆ.
ಸಕ್ಕರೆ ಮಾತ್ರೆ ಅದ್ರಲ್ಲೇ ತರೋದು.
ಆ ಸಾಲು ಹೊಡೆದಾಕು."

ಹೊಡೆದರೂ ಒಳಗಿಂದ ಕಾಣುತ್ತೆ ಎಂದು
ಇಡೀ ಹಾಳೆಯನ್ನೇ ಹರಿದುಹಾಕಿಸಿದಳು. ಚೂರುಗಳನ್ನು
ಟಿಕೆಟ್ಟುಗಳ ಜೊತೆ ಸೆರಗಿಗೆ ಕಟ್ಟಿಕೊಂಡಳು.

ಹೊಸ ಹಾಳೆಯಲ್ಲಿ
ಸರಕಾರಿ ವೈದ್ಯರಿಂದ ವಯಸ್ಸು ಪರೀಕ್ಷಿಸಬೇಕೆಂದು
ಕೋರಿದ್ದೇನೆ. ಬಡ ಸಾಲು, ನಿಂತರೆ ನಿಂತೀತು.
ಹೆಬ್ಬೆಟ್ಟು ಒತ್ತಿಸಿದೆ. ಗೆರೆಯೇ ಇಲ್ಲ,
ಬತ್ತಿ ಹೊಸೆದು ಹೊಸೆದು ಸವೆದ ಬೆರಳು:
ಒಂದು ನೀಲಿ ಮಚ್ಚೆ, ಯಾರದ್ದೂ ಆಗಬಹುದು.

ಐವತ್ತು ರೂಪಾಯಿ ಬೇಡ ಎಂದೆ.
ಇಟ್ಟೇ ಹೋದಳು.
ಗೇಟಿನ ಹತ್ತಿರ ತಿರುಗಿ ನಿಂತು,
"ಹೆಸರಲ್ಲಿ ದೊಡ್ಡ ಅನ್ನೋದನ್ನ
ಒಸಿ ದೊಡ್ಡದಾಗೇ ಬರ್ದಿದ್ಯ ತಾನೆ?" ಅಂದಳು.