ಎಂಟನೇ ಚೌಕ

ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದೇನೆ:
ಒಂದು ಮಾತ್ರೆ ಲಘು, ಎರಡು ಮಾತ್ರೆ ಗುರು,
ಬೋರ್ಡಿನ ಮೇಲೆ ಬಟ್ಟಲಿನಂಥ ಗೀಟು, ಕಡ್ಡಿಯಂಥ ಗೀಟು.
ಕಿರುಗಾವಲಿನ ಒಂಬತ್ತನೇ ಬಿ ವಿಭಾಗಕ್ಕೆ
ಮಾತ್ರೆ ಎಂದರೆ ಆಸ್ಪತ್ರೆಯಲ್ಲಿ ಕೊಡುವುದು.

ಆವತ್ತು ಮೂರನೇ ಪೀರಿಯಡ್ಡು.
ಮಳವಳ್ಳಿ ರೋಡಿನಲ್ಲಿ ಮದುವೆ ಟೆಂಪೊ ಹೋಯಿತು.
ಡಿಜೆ ಪೆಟ್ಟಿಗೆಯ ಪೆಟ್ಟಿಗೆ ಕಿಟಕಿಯ ಸರಳು ಅದುರಿ
ಭಾಮಿನಿ ಷಟ್ಪದಿಯ ಎರಡನೇ ಸಾಲು
ನನ್ನ ಬಾಯಲ್ಲೇ ಉಳಿಯಿತು.
ಟೆಂಪೊ ಹೋದ ಮೇಲೂ ಕೊನೇ ಬೆಂಚು ನಿಲ್ಲಲಿಲ್ಲ:
ಡಗ್ಗ ಡಗಡಗ ಡಗ್ಗ ಡಗಡಗ.

ಜವರ. ಹಾಜರಿಯಲ್ಲಿ ಜಯಂತ್ ಜೆ.,
ಊರೆಲ್ಲ ಕೂಗುವುದು ಅಜ್ಜನ ಹೆಸರಿನಲ್ಲೇ.
ಭಾನುವಾರ ಬ್ಯಾಂಡ್‌ಸೆಟ್ಟಿನವರ ಜೊತೆ ಪ್ಯಾಡು ಬಾರಿಸುತ್ತಾನೆ,
ಸೋಮವಾರ ನಿದ್ದೆ ಮಾಡುತ್ತಾನೆ.
ಡಸ್ಟರು ಎತ್ತಿದ್ದೆ. ಎತ್ತಿದ ಕೈ ಹಾಗೇ
ಎಣಿಸತೊಡಗಿತು: ಮೂರು ನಾಲ್ಕು, ಮೂರು ನಾಲ್ಕು.
“ಇನ್ನೊಂದ್ಸಲ ಬಾರಿಸು” ಅಂದೆ.
ಅವನು ಹೆದರಿ ಕೈ ಹಿಂದಕ್ಕೆ ಕಟ್ಟಿಕೊಂಡ.

ಸಂಜೆ ಅವನೇ ನನ್ನ ಫೋನಿಗೆ ಇಳಿಸಿಕೊಟ್ಟ
ಬೀಟು ಕಟ್ಟುವ ಒಂದು ಆ್ಯಪು.
ಸಾಲಿಗೆ ಎಂಟು ಚೌಕ, ಮುಟ್ಟಿದರೆ ಬೆಳಗುತ್ತವೆ.
ಒಂದು ಚೌಕ ಲಘು. ಎರಡು ಕೂಡಿಸಿ ಎಳೆದರೆ ಗುರು.
ನಮಗೆ ಬೇಕಾದದ್ದು ಏಳು, ಆ್ಯಪಿಗೆ ಏಳು ಗೊತ್ತಿಲ್ಲ.
ಜವರ ಎಂಟನೆಯದನ್ನು ಹೆಬ್ಬೆರಳಲ್ಲಿ ಒತ್ತಿ ಆರಿಸಿದ
ದೀಪದ ಕುಡಿ ಚಿವುಟಿದ ಹಾಗೆ.

ಲಿಂಕು ಕ್ಲಾಸಿನ ಗುಂಪಿಗೆ ಹೋಯಿತು.
ಮೂವತ್ತೆಂಟು ಮಕ್ಕಳಲ್ಲಿ ಫೋನಿದ್ದದ್ದು ಹದಿನಾಲ್ಕು ಮನೆಯಲ್ಲಿ,
ಅದೂ ಅಪ್ಪ ಗಾಡಿ ನಿಲ್ಲಿಸಿ ಬಂದ ಮೇಲೆ.
ಟವರು ಸಿಗುವುದು ನೀರಿನ ಟ್ಯಾಂಕಿನ ಮೂರನೇ ಮೆಟ್ಟಿಲಿಗೆ.
ಅಲ್ಲಿ ಹುಡುಗಿಯರು ಒತ್ತಿಕೊಂಡು ಕೂತು
ಒಂದು ಇಯರ್‌ಫೋನನ್ನು ನಾಲ್ಕು ಕಿವಿಗೆ ಹಂಚುತ್ತಿದ್ದರು.
ಆಸ್ಫಿಯಾ, ಮನೆಯಲ್ಲಿ ಕನ್ನಡ ಆಡದವಳು,
ಮಂಡಿ ತಟ್ಟಿ ತಟ್ಟಿ ಕಟ್ಟಿ ಕಳಿಸಿದಳು:

ಕಬ್ಬು ಲಾರಿಯು ಕೆಟ್ಟು ನಿಂತಿತು
ಬಿಸಿಯ ಊಟಕೆ ಬೆಲ್ಲು ಹೊಡೆಯಿತು
ಮಿಸ್ಸು ಪುಸ್ತಕ ಮುಚ್ಚಿ ಬಿಟ್ಟರೆ ತಟ್ಟೆ ಹಿಡಿಯುವೆವೋ

ಅರ್ಧ ಷಟ್ಪದಿ. ಆದಿಪ್ರಾಸ ಇಲ್ಲವೇ ಇಲ್ಲ. ನಾನು ತಿದ್ದಲಿಲ್ಲ.
“ಬೆಲ್ಲು ಕನ್ನಡವೇನಮ್ಮಾ?” ಅಂದರು ಹೆಡ್‌ಮಾಸ್ಟರು.
ಸೌಂಡು ಅವರ ರೂಮಿಗೂ ಬರುತ್ತದಂತೆ,
ಪಕ್ಕದ ಕ್ಲಾಸಿನ ಗಣಿತದವರಿಗೆ ತೊಂದರೆಯಂತೆ.
ಗಣಿತದವರು ಮೇಜಿನ ಕೆಳಗೆ
ಕಾಲಲ್ಲಿ ಏಳು ಹಾಕುತ್ತಿದ್ದರು.

ಎಲ್ಲರೂ ಕಲಿತರೆಂದಲ್ಲ.
ಕಿರುಪರೀಕ್ಷೆಯಲ್ಲಿ ಹನ್ನೊಂದು ಮಂದಿ ಫೇಲು,
ಚೌಕದಲ್ಲಿ ಬರೀ ಡಿಜೆ ಮಾಡಿಕೊಂಡವರೂ ಇದ್ದರು.
ಜವರ ಪ್ರಸ್ತಾರವನ್ನೆಲ್ಲ ಸರಿಯಾಗಿ ಹಾಕಿ
ಹೆಸರು ಮಾತ್ರ “ಬಾಮಿನಿ ಸಟ್ಪದಿ” ಎಂದು ಬರೆದಿದ್ದ.
ಅರ್ಧ ಅಂಕ ಕಳೆಯಬೇಕು.
ಕೆಂಪು ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.
ಕಳೆದೆ.

ನಿನ್ನೆ ರಾತ್ರಿ ಅವನ ಅಣ್ಣನ ನಂಬರಿನಿಂದ ನಲವತ್ತು ಸೆಕೆಂಡು.
ಹುಣಸೆಹಣ್ಣು ಜಜ್ಜುವ ಸದ್ದು, ನಡುವೆ ಒಂದು ಕೋಳಿ,
ಅವನಜ್ಜಿ ಪುಟ್ಟಲಿಂಗಮ್ಮ ತನಗೆ ತಾನೇ ಹಾಡಿಕೊಳ್ಳುತ್ತಿದ್ದಾಳೆ,
ಯಾರೋ ಹಿಡಿದಿಟ್ಟುಕೊಳ್ಳುತ್ತಿದ್ದಾರೆಂದು ತಿಳಿಯದ ಗಂಟಲು.
ಕೆಳಗೆ ಜವರನ ಧ್ವನಿ, ಪಿಸುಗುಟ್ಟಿದ್ದು:
“ಏಳೇಳೇ ಬತ್ತದೆ ಮಿಸ್,
ಉಸ್ರು ಎಳ್ಕೊಳೋ ತಾವು ಎಂಟಾಯ್ತದೆ.
ಆ ಚೌಕ ಹಚ್ಬೇಕಾ, ಆರಿಸ್ಬೇಕಾ?
ಇದು ಯಾವ ಸಟ್ಪದಿ?”

ಮೂರು ಸಲ ಕೇಳಿದೆ. ಬೆರಳು ಮಡಚಿದೆ.
ಪುಸ್ತಕ ತೆಗೆದೆ, ಮುಚ್ಚಿದೆ.
ಎರಡು ನೀಲಿ ಗೀಟು ಅವನಿಗೆ ಆಗಲೇ ಕಂಡಿರಬೇಕು.
ನಾನಿನ್ನೂ ಟೈಪು ಮಾಡುತ್ತಿದ್ದೇನೆ.