ಚೀಟಿ ಉದುರಿದ ಬಾಟಲಿಗಳು

ಈ ಸಲದ ಯಾದಗಿರಿ ಬಿಸಿಲಿಗೆ
ಪ್ರಾಣಿಶಾಸ್ತ್ರದ ಕಪಾಟಿನೊಳಗೆ ಅಂಟು ಸತ್ತು
ಚೀಟಿಗಳೆಲ್ಲ ಉದುರಿದ್ದವು, ಸುಣ್ಣದ ಹಕ್ಕಳೆಯ ಹಾಗೆ.
ನಲವತ್ತೊಂದು ಬಾಟಲಿ. ಮೂವತ್ತೆಂಟು ಹೆಸರು.
ಅತಿಥಿ ಉಪನ್ಯಾಸಕಿ ನಾನು, ಬೀಗ ತೆಗೆದು ನಿಂತೆ.
ಒಳಗಿನವರೆಲ್ಲ ಬಿಳಿಚಿಕೊಂಡು ನನ್ನನ್ನೇ ನೋಡುತ್ತಿದ್ದರು,
ಹಾಜರಿ ಕೂಗುತ್ತಾಳೇನೋ ಎಂಬಂತೆ.

"ನೀವು ಬರೂದ್ರಾಗ ಹೊಂದಿಸಿಟ್ಟೀನ್ರಿ ಮೇಡಂ" ಅಂದ
ಅಟೆಂಡರ್ ಹುಸೇನಪ್ಪ.

ಮೇಲಿನ ಹಲಗೆಯಲ್ಲಿ ಭೀಮಾ ನದಿಯವು:
ಹಾವುಮೀನು, ಏಡಿ, ಒಂದು ನೀರುಹಾವು, ಒಂದು ಕಪ್ಪೆಚಿಪ್ಪು.
ನಡುವೆ ಕಲ್ಲಿನ ಬುಡದವು:
ಚೇಳು, ಜರಿ, ಬಾಲ ಹರಿದ ಹಲ್ಲಿ.
"ಕೆಳಗಿನವು ರಾತ್ರಿಯವು ನೋಡ್ರಿ."
ಪತಂಗ, ಗೂಬೆಮರಿ, ಕೋಟೆ ಬುರುಜಿನ ಬಾವಲಿ.

ಹೀಗಲ್ಲ ಅಂದೆ. ಪುಸ್ತಕದ ಏಣಿ ಹಾಕಿದೆ:
ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ...
ಅಲ್ಲಿ ಅವನ ಕೈಯ ಅರಿವೆ ಗಾಜಿನ ಮೇಲೆ ನಿಂತಿತು.
"ಇವಕೂ ಅದ ಏನ್ರಿ ಅದು?"
ಇದೆ. ಕುಟುಂಬಕ್ಕಿಂತ ಸಣ್ಣದು.
"ಸಣ್ಣದಾ!" ಅಂದ, ನಕ್ಕ, ಒರೆಸಿದ,
"ನಮ್ಮಲ್ಲಿ ಅದು ಕುಟುಂಬಾನ ನುಂಗಿ ನೀರು ಕುಡೀತದಲ್ರಿ."

ಹುಟ್ಟಿದ ಮಕ್ಕಳು ಉಳಿಯದೆ ಅವನವ್ವ
ಅಲಾಯಿ ಕುಣಿಯ ಬೂದಿ ಹಚ್ಚಿಕೊಂಡು ಹರಕೆ ಹೊತ್ತು ಹಡೆದವನು.
ಶಾಲೆಗೆ ಸೇರಿಸುವ ದಿನ ಹೆಡ್ ಮಾಸ್ತರರು
ಪೆನ್ನು ಎತ್ತಿ ಹಿಡಿದೇ ಕೂತಿದ್ದರಂತೆ:
ಹುಸೇನ ಒಂದು ಕಾಲಮ್ಮಿಗೆ, ಅಪ್ಪ ಇನ್ನೊಂದಕ್ಕೆ.
ಕಡೆಗೆ ಏನು ಬರೆದರು ಎಂದು ನಾನು ಕೇಳಲಿಲ್ಲ.

ಬಾವಲಿಯನ್ನು ಮಾತ್ರ ಅವನು ಬಿಡಲೊಲ್ಲ.
"ಹಿಡಿದಾಗ ಎದೀಗೆ ಮರಿ ಕಚ್ಚಿತ್ತು.
ಹಾಲು ಕುಡಿಸೂದು ಹಕ್ಕಿ ಅಲ್ಲ, ಗೊತ್ತದರಿ.
ಆದ್ರ ರಾತ್ರಿಯದು ರಾತ್ರಿಯದೇ."
ಮರಿ?
ಅವನು ಹೆಸರಿಲ್ಲದ ಮೂರರಲ್ಲೊಂದನ್ನು
ದೊಡ್ಡ ಬಾಟಲಿಯ ಪಕ್ಕಕ್ಕೆ, ಗಾಜಿಗೆ ಗಾಜು ತಾಗುವಷ್ಟು, ಸರಿಸಿದ.

ಮಧ್ಯಾಹ್ನವಿಡೀ ಲ್ಯಾಟಿನ್ ಹೆಸರುಗಳನ್ನು ಹಚ್ಚಿದೆ.
ಪ್ರತಿ ಚೀಟಿಯ ಕೆಳಗೂ ಒಂದು ಗೆರೆ:
ಹಿಡಿದವರು.
ಮೂವತ್ತು ವರ್ಷ ಅದು ಖಾಲಿಯೇ.
ಪೆನ್ನು ಕೊಟ್ಟೆ. ಅವನು ಕೂತು ಬರೆದ,
ಅಕ್ಷರಕ್ಕೊಂದು ಉಸಿರು ತೆಗೆದುಕೊಂಡು,
ಹಾವುಮೀನಿಗೆ, ಜರಿಗೆ, ಬಾವಲಿಗೆ,
ಹೆಸರೇ ಇಲ್ಲದ ಮೂರಕ್ಕೂ.

ಸ್ಟೋರಿನಲ್ಲಿ ಗೋಂದು ಮುಗಿದಿತ್ತು, ಮೈದಾ ಕುದಿಸಿದ್ದೆವು.
ಸಂಜೆ ಬೀಗ ಹಾಕುವಾಗ ನೋಡಿದರೆ
ಕಪಾಟಿನ ಸಂದಿಯಿಂದ ಸಾಲುಗಟ್ಟಿ ಇರುವೆ.
ಎಲ್ಲ ಹಲಗೆ ಹತ್ತಿ ಇಳಿದು
ಹಸಿ ಚೀಟಿಗಳ ಅಂಚನ್ನು ನೆಕ್ಕುತ್ತಿದ್ದವು.