ಕಿರುಬೆರಳು

ರೂವಿಯಲ್ಲಿ ಶುಕ್ರವಾರ ಅಂಗಡಿ ಬಾಗಿಲೆತ್ತುವುದು ನಾಲ್ಕಕ್ಕೆ.
ಮೂರೂಮುಕ್ಕಾಲಿಗೇ ಹೋಗಿ ಗೋಡೆಯ ನೆರಳಲ್ಲಿ ನಿಂತಿದ್ದೆ,
ನೆರಳೆಂದರೆ ಒಂದು ಗೇಣು ಅಗಲ.
ಜೇಬಿನಲ್ಲಿ ಅರವತ್ತೈದು ರಿಯಾಲು,
ಮೂರು ತಿಂಗಳ ಓವರ್‌ಟೈಮು, ನಾಲ್ಕಾಗಿ ಮಡಚಿದ್ದು.
ಹಳೆಯ ಫೋನು ಸತ್ತದ್ದಲ್ಲ, ಊದಿಕೊಂಡಿತು:
ಹೆಂಚಿನ ಮೇಲೆ ಚಪಾತಿ ಎದ್ದ ಹಾಗೆ
ಬ್ಯಾಟರಿ ಎದ್ದು ಬೆನ್ನು ಬಿಟ್ಟಿತ್ತು.

ಕೋಣೆಯಲ್ಲಿ ಆರು ಮಂದಿ, ಹನ್ನೊಂದು ಸಲಹೆ.
"ಕ್ಯಾಮೆರಾ ನೋಡು" ಅಂದ ದುಗ್ಗಪ್ಪ.
ಅವನ ಫೋನಿನ ತುಂಬ ಊಟದ ಫೋಟೊ,
ಅವನು ಉಣ್ಣದ ಊಟದ್ದು.
"ಪ್ರೊಸೆಸರ್ ಮುಖ್ಯ" ಅಂದ ಪೇರಾವೂರಿನ ಸಜೀವನ್.
ಹಾಗೆಂದರೇನು ಅಂತ ಕೇಳಿದ್ದಕ್ಕೆ ತಲೆ ಕೆರೆದು
"ಒಳಗಿನ ಮೇಸ್ತ್ರಿ" ಅಂದ.
ಅದು ತಿಳಿಯಿತು. ಮೇಸ್ತ್ರಿ ನೆಟ್ಟಗಿಲ್ಲದಿದ್ದರೆ
ಎಂಥ ಮಾರ್ಬಲ್ಲೂ ಮೂಲೆಯಲ್ಲಿ ಒಡೆಯುತ್ತದೆ.

ಅಂಗಡಿ ಹುಡುಗ ಉಳ್ಳಾಲದವನು, ಮುಝಮ್ಮಿಲ್.
ನನ್ನ ಮಾತಿನ ರಾಗ ಹಿಡಿದು "ಊರೆಲ್ಲಿ ಅಣ್ಣ?" ಅಂದ.
"ಸಿದ್ಧಕಟ್ಟೆ."
ಅಷ್ಟಕ್ಕೇ ಎರಡು ರಿಯಾಲು ಇಳಿಯಿತು.

ಗಾಜಿನ ಮೇಲೆ ನಾಲ್ಕು ಫೋನು ಸಾಲಾಗಿ ಇಟ್ಟ.
ನೂರೆಂಟು ಮೆಗಾಪಿಕ್ಸೆಲ್ ಅಂದ,
ನನಗೆ ಅಷ್ಟೋತ್ತರ ನೆನಪಾಯಿತು;
ಅದರಲ್ಲೂ ನಾನು ಕಾಯುವುದು ಕೊನೆಯ ಪ್ರಸಾದಕ್ಕೇ.

ನನ್ನ ಪರೀಕ್ಷೆ ಬೇರೆ.
ನಾಲ್ಕನ್ನೂ ಬಾಗಿಲ ಹೊರಗೆ ಬಿಸಿಲಿಗೆ ಹಿಡಿದೆ.
ಮೂರರಲ್ಲಿ ನನ್ನ ಮುಖ ಮಾತ್ರ ಕಂಡಿತು.
ಅದನ್ನು ಕೊಳ್ಳಲು ಬಂದವನಲ್ಲ ನಾನು.
ಒಂದರಲ್ಲಿ ಅಕ್ಷರ ಉಳಿದಿತ್ತು,
ಮಂಕಾಗಿ, ಆದರೂ ಅಕ್ಷರ.

ಆಮೇಲೆ ಏಸಿಯ ಹೊರಗಿನ ಪೆಟ್ಟಿಗೆಯ ಪಕ್ಕ ನಿಂತು
"ಒಂದು ಎರಡು ಮೂರು, ವಾರಿಜಾ ಕೇಳ್ತದಾ" ಅಂತ ರೆಕಾರ್ಡು ಮಾಡಿದೆ.
ಹೋಗುವ ಬರುವವರು ನೋಡಿದರು, ನೋಡಲಿ.
ಹಳೆಯದರಲ್ಲಿ ಸೈಟಿನಿಂದ ಮಾತು ಕಳಿಸಿದರೆ
ಅವಳಿಗೆ ಮುಟ್ಟುತ್ತಿದ್ದದ್ದು ಟೈಲ್ಸ್ ಕೊಯ್ಯುವ ಮಿಶನ್ನು.
"ಇವತ್ತು ನಿಮಗಿಂತ ಅದೇ ಚೆಂದ ಮಾತಾಡಿತು"
ಅಂತ ಒಮ್ಮೆ ಉತ್ತರ ಬಂದಿತ್ತು.

"ಇದೇ ಇರಲಿ" ಅಂದೆ.
"ಬೆರಳು ಕೊಡಿ ಅಣ್ಣ, ಲಾಕ್ ಮಾಡಿ ಕೊಡ್ತೇನೆ."
ಹೆಬ್ಬೆರಳು ಇಟ್ಟೆ. ಮತ್ತೆ ಪ್ರಯತ್ನಿಸಿ.
ಒರೆಸಿ ಇಟ್ಟೆ. ಮತ್ತೆ ಪ್ರಯತ್ನಿಸಿ.
ಅವನೇ ಹಿಡಿದು ಒತ್ತಿದ,
ಅಕ್ಕಿಯ ಮೇಲೆ ಮಗುವಿಗೆ ಓಂ ಬರೆಸುವ ಹಾಗೆ.
ಇಲ್ಲ.
ಹದಿನಾರು ವರ್ಷ ಗ್ರೌಟು ತೀಡಿದ ಬೆರಳು,
ಗೆರೆಯೆಲ್ಲ ಯಾರ್ಯಾರದೋ ಬಚ್ಚಲಿನ ನೆಲದಲ್ಲಿ ಉಳಿದಿವೆ.
ಲೇಬರ್ ಕಾರ್ಡಿನ ಕೌಂಟರಿನಲ್ಲೂ ಇದೇ ಕತೆ.
ತೋರುಬೆರಳು ಇಲ್ಲ, ನಡುಬೆರಳು ಇಲ್ಲ.
ಮುಝಮ್ಮಿಲ್ ನಗುವುದನ್ನು ನಿಲ್ಲಿಸಿದ.

ಕೊನೆಗೆ ಎಡಗೈಯ ಕಿರುಬೆರಳು.
ಕರಣೆ ಹಿಡಿಯುವಾಗ ದೂರ ನಿಲ್ಲುವ ಸೋಮಾರಿ,
ಚಾ ಕುಡಿಯುವಾಗ ಮಾತ್ರ ಎದ್ದು ಮೆರೆಯುವುದು.
ಟಕ್ಕನೆ ತೆರೆಯಿತು.
ಹದಿನಾರು ವರ್ಷ ನಾನು ಬೈದಿದ್ದೇ ಬಂತು,
ನನ್ನ ಗುರುತನ್ನು ಕಾದದ್ದು ಅದೊಂದೇ.

ಅರವತ್ತೆರಡು ರಿಯಾಲು. ಗಾಜಿನ ಹಾಳೆ ಬಿಟ್ಟಿ,
ಅಂಟಿಸುವಾಗ ಸಿಕ್ಕಿದ ಒಂದು ಗುಳ್ಳೆಯೂ ಬಿಟ್ಟಿ.
ದುಗ್ಗಪ್ಪ ತಿರುಗಿಸಿ ನೋಡಿ
"ಕ್ಯಾಮೆರಾ ಸಾಧಾರಣ" ಅಂದ.
ಆಗಲಿ, ನಾವೂ ಸಾಧಾರಣವೇ.

ಶನಿವಾರ ಸೈಟಿನಿಂದ ಮೊದಲ ಮಾತು ಕಳಿಸಿದೆ:
ಊಟ ಆಯ್ತು, ಬಿಸಿಲು ಜೋರು, ಹೊಸ ಫೋನು ಚೆಂದ ಇದೆ.
ಗಳಿಗೆಯೊಳಗೆ ಉತ್ತರ, ಗಾಬರಿಯ ದನಿ:
"ಮಿಶನ್ನಿನ ಸದ್ದೇ ಇಲ್ಲ!
ಏನಾಯ್ತು ಇವರೇ, ಕೆಲಸ ಹೋಯ್ತಾ?"

ಎದ್ದೆ.
ಮಿಶನ್ನಿನ ಮಗ್ಗುಲಿಗೇ ಹೋಗಿ ನಿಂತು,
ಕೊಯ್ಯುವವನಿಗೆ "ಗಟ್ಟಿ ಒತ್ತು ಮಾರಾಯ" ಅಂತ ಕೈ ಮಾಡಿ,
ಇನ್ನೊಮ್ಮೆ ಹೇಳಿದೆ.